ಫೆಸ್‌ನ ಹಳೇ ಊರು: ಮೊಣಕಾಲು ನೋವಿರುವ ಅಮ್ಮ, ಸಸ್ಯಾಹಾರಿ ಮನೆ, ಮೂರು ರಾತ್ರಿ

ಪ್ರಶ್ನೆ: ಅಕ್ಟೋಬರ್ ಕೊನೆಯಲ್ಲಿ ನಾವು ನಾಲ್ವರು ಮೊರಾಕ್ಕೊಗೆ ಹೊರಟಿದ್ದೇವೆ: ನಾನು, ಹೆಂಡತಿ, ಎಪ್ಪತ್ತು ದಾಟಿದ ಅಪ್ಪ, ಅಮ್ಮ. ಅದರಲ್ಲಿ ಮೂರು ರಾತ್ರಿ ಫೆಸ್ ನಗರಕ್ಕೆ. ಎಲ್ಲರೂ ಸಸ್ಯಾಹಾರಿಗಳು, ಅಪ್ಪ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅಮ್ಮನಿಗೆ ಮೊಣಕಾಲು ನೋವು, ಏರು ಹತ್ತಿದರೆ ಏದುಸಿರು. ಹಳೇ ಊರಿನ ಗಲ್ಲಿಗಳಲ್ಲಿ ದಾರಿ ತಪ್ಪುವುದು ಖಂಡಿತ, ಬೆನ್ನು ಬೀಳುವವರು ಬಿಡುವುದಿಲ್ಲ ಎಂದು ಹೋಗಿಬಂದವರು ಹೆದರಿಸಿದ್ದಾರೆ. ಒಳಗೆ ಉಳಿಯುವುದೋ, ಹೊರಗೋ? ಗೈಡ್ ಬೇಕೇ? ಊಟಕ್ಕೇನು ಗತಿ? ಚರ್ಮ ಹದ ಮಾಡುವ ಜಾಗವನ್ನು ನೋಡಲೇಬೇಕೇ?

ಉತ್ತರ: ಮೊದಲು ಆ ಊರಿನ ಇಳಿಜಾರು ಅರ್ಥ ಮಾಡಿಕೊಳ್ಳಿ. ನಿಮ್ಮ ಪ್ರಶ್ನೆಗಳಲ್ಲಿ ಅರ್ಧದಷ್ಟಕ್ಕೆ ಅಲ್ಲೇ ಉತ್ತರ ಸಿಗುತ್ತದೆ. ಫೆಸ್ ಅಲ್-ಬಾಲಿ ಎನ್ನುವ ಹಳೇ ಊರು, ಅಂದರೆ ಮದೀನಾ, ಬೋಗುಣಿಯ ಆಕಾರದಲ್ಲಿದೆ. ಪಶ್ಚಿಮದ ಅಂಚಿನಲ್ಲಿ ಬಾಬ್ ಬೂ ಜಲೂದ್ ಎಂಬ ನೀಲಿ ಹೆಬ್ಬಾಗಿಲು, ತಳದಲ್ಲಿ ನದಿ, ನದಿಯ ಪಕ್ಕ ರಸೀಫ್ ಚೌಕ. ಬಾಗಿಲಿನಿಂದ ತಳಕ್ಕೆ ಎರಡು ಮುಖ್ಯ ಬೀದಿಗಳು ಇಳಿಯುತ್ತವೆ: ತಾಲಾ ಕಬೀರಾ ಮತ್ತು ತಾಲಾ ಸ್ಗೀರಾ. ಎರಡೂ ಕೆಳಗೆ ಅತ್ತರು, ಮಸಾಲೆ ಪೇಟೆಯ ಹತ್ತಿರ ಕರವೀಯ್ಯೀನ್ ಮಸೀದಿಯ ಸುತ್ತಲಿನ ಭಾಗಕ್ಕೆ ತಂದು ಬಿಡುತ್ತವೆ. ಎಲ್ಲೂ ನಿಲ್ಲದೆ ನಡೆದರೆ ಅರ್ಧ ಗಂಟೆಯೊಳಗಿನ ದಾರಿ. ನೋಡುತ್ತಾ ನಡೆದರೆ ಅರ್ಧ ದಿನ.

ಪ್ರವಾಸಿಗರು ಸಾಮಾನ್ಯವಾಗಿ ಮಾಡುವ ತಪ್ಪು ಒಂದೇ: ನೀಲಿ ಬಾಗಿಲಿನಿಂದ ಇಳಿಯುತ್ತಾರೆ, ಮಧ್ಯಾಹ್ನದ ಬಿಸಿಲಿಗೆ ದಣಿಯುತ್ತಾರೆ, ಮತ್ತೆ ಅದೇ ಏರನ್ನು ಹತ್ತಿ ಬರುತ್ತಾರೆ. ನೀವು ಹತ್ತಲೇಬೇಡಿ. ರಸೀಫ್ ಚೌಕದವರೆಗೆ ಟ್ಯಾಕ್ಸಿ ಬರುತ್ತದೆ. ಮೇಲಿನಿಂದ ಇಳಿದು, ತಳದಲ್ಲಿ ಟ್ಯಾಕ್ಸಿ ಹತ್ತಿ, ಹೊರಗಿನ ರಸ್ತೆಯಲ್ಲಿ ಸುತ್ತಿಕೊಂಡು ವಾಪಸ್ ಬನ್ನಿ. ಇಳಿಜಾರು ಕೂಡ ಮೊಣಕಾಲಿಗೆ ಸುಮ್ಮನೆ ಬಿಡುವಂಥದ್ದಲ್ಲ. ಅಮ್ಮನ ಕೈಯಲ್ಲಿ ರಬ್ಬರ್ ತುದಿಯ ಕೋಲಿರಲಿ, ಹೆಜ್ಜೆ ಚಿಕ್ಕದಾಗಿರಲಿ. ನೆಲಕ್ಕೆ ಹಾಸಿದ ಕಲ್ಲುಗಳು ಸವೆದು ನುಣುಪಾಗಿವೆ. ಮಳೆ ಬಿದ್ದರೆ ಅಥವಾ ಅಂಗಡಿಯವರು ನೀರು ಚೆಲ್ಲಿದರೆ ಚಪ್ಪಲಿ ಜಾರುತ್ತದೆ, ಹಾಗಾಗಿ ಬೂಟು ಉತ್ತಮ.

ಬೂ ಜಲೂದ್, ರಸೀಫ್ ಅಲ್ಲದೆ ಇನ್ನೂ ಎರಡು ಹೆಸರು ನೆನಪಿಡಿ. ಉತ್ತರದ ಕಡೆ ತಾಲಾ ಕಬೀರಾದ ಅರ್ಧ ದಾರಿಗೆ ಹತ್ತಿರವಾಗುವ ಐನ್ ಅಜ್ಲಿತೆನ್‌ನಲ್ಲಿ ಕಾರು ನಿಲ್ದಾಣವಿದೆ. ನೀಲಿ ಬಾಗಿಲಿನ ದಕ್ಷಿಣಕ್ಕೆ ಬತ್ಹಾ ಚೌಕ. ಈ ನಾಲ್ಕರಲ್ಲಿ ಯಾವುದು ನಿಮ್ಮ ವಸತಿಗೆ ಹತ್ತಿರ ಎಂಬುದು ವಸತಿಯ ವಿಳಾಸಕ್ಕಿಂತ ಮುಖ್ಯ, ಏಕೆಂದರೆ ಟ್ಯಾಕ್ಸಿಯವನಿಗೆ ಗಲ್ಲಿಯ ಹೆಸರು ಹೇಳಿ ಪ್ರಯೋಜನವಿಲ್ಲ. ಬಾಗಿಲಿನ ಅಥವಾ ಚೌಕದ ಹೆಸರನ್ನೇ ಹೇಳಬೇಕು.

ಟ್ಯಾಕ್ಸಿಯ ವಿಷಯದಲ್ಲಿ ನಾಲ್ವರ ಕುಟುಂಬಕ್ಕೆ ಒಂದು ತೊಡಕಿದೆ. ಫೆಸ್‌ನ ಕೆಂಪು ಪುಟ್ಟ ಟ್ಯಾಕ್ಸಿಯಲ್ಲಿ ಮೂವರಿಗಷ್ಟೇ ಅವಕಾಶ. ನಾಲ್ಕನೆಯವರನ್ನು ಮಡಿಲಲ್ಲಿ ಕೂರಿಸಿಕೊಂಡರೂ ಚಾಲಕ ಒಪ್ಪುವುದಿಲ್ಲ, ದಂಡ ಅವನ ತಲೆಗೆ. ಎರಡು ಟ್ಯಾಕ್ಸಿ ಹಿಡಿಯಿರಿ, ಒಂದರಲ್ಲಿ ನೀವು ಮತ್ತು ಅಮ್ಮ, ಇನ್ನೊಂದರಲ್ಲಿ ಅಪ್ಪ ಮತ್ತು ನಿಮ್ಮ ಹೆಂಡತಿ. ಎರಡೂ ಗುಂಪಿನಲ್ಲಿ ಓಡುವ ಫೋನ್ ಮತ್ತು ಚಿಲ್ಲರೆ ಇರಲಿ. ಮೀಟರ್ ಹಾಕಿಸಿ, ‘ಕೊಂತೂರ್’ ಎಂದರೆ ಅವರಿಗೆ ತಿಳಿಯುತ್ತದೆ. ಹಗಲಿನಲ್ಲಿ ಊರೊಳಗಿನ ಓಡಾಟ ಸಾಮಾನ್ಯವಾಗಿ 10ರಿಂದ 20 ದಿರ್ಹಂನಲ್ಲಿ ಮುಗಿಯುತ್ತದೆ. ರಾತ್ರಿ ಎಂಟರ ನಂತರ ಮೀಟರ್ ದರದ ಮೇಲೆ ಅರ್ಧದಷ್ಟು ಹೆಚ್ಚು ತೆಗೆದುಕೊಳ್ಳುವುದು ಅಲ್ಲಿನ ನಿಯಮ, ಅದು ಮೋಸವಲ್ಲ. ವಿಮಾನ ನಿಲ್ದಾಣ ಅಥವಾ ಬೇರೆ ಊರಿಗೆ ಹೋಗುವ ದೊಡ್ಡ ಟ್ಯಾಕ್ಸಿಗೆ ಮೀಟರ್ ಇರುವುದಿಲ್ಲ, ಹತ್ತುವ ಮೊದಲೇ ಮಾತಾಡಿಕೊಳ್ಳಬೇಕು. ಒಂದು ದಿರ್ಹಂ ಎಂದರೆ ಒಂಬತ್ತು ಹತ್ತು ರೂಪಾಯಿಯ ಆಸುಪಾಸು ಎಂದು ಲೆಕ್ಕ ಹಿಡಿದರೆ ಸಾಕು.

ವಸತಿ ಒಳಗೋ ಹೊರಗೋ? ಒಳಗೇ ಇರಿ, ಆದರೆ ಅಂಚಿನಲ್ಲಿ. ಬತ್ಹಾ ಅಥವಾ ಬೂ ಜಲೂದ್‌ನಿಂದ ಸಮತಟ್ಟಾಗಿ ಐದು ನಿಮಿಷ ನಡೆಯುವಷ್ಟು ದೂರದ ‘ರಿಯಾದ್’ ಮಾದರಿಯ ವಸತಿ ನಿಮಗೆ ಸರಿ. ಫ್ರೆಂಚರು 1912ರ ನಂತರ ಕಟ್ಟಿದ ಹೊಸ ಊರಿನಲ್ಲಿ ಲಿಫ್ಟ್ ಇರುವ ಹೋಟೆಲುಗಳು ಸಿಗುತ್ತವೆ. ಅಮ್ಮನಿಗೆ ಮೆಟ್ಟಿಲು ಸಾಧ್ಯವೇ ಇಲ್ಲ ಎನ್ನುವುದಾದರೆ ಮಾತ್ರ ಅಲ್ಲಿ ಉಳಿಯಿರಿ. ರಿಯಾದ್ ಎಂದರೆ ಒಳ ಅಂಗಳವಿರುವ ಹಳೇ ಮನೆ. ಕೋಣೆಗಳ ಕಿಟಕಿ ಬೀದಿಗಲ್ಲ, ಅಂಗಳಕ್ಕೆ ತೆರೆದಿರುತ್ತದೆ. ಇದರಿಂದ ಒಳಗೆ ತಂಪು, ಬೀದಿಯ ಸದ್ದಿಲ್ಲ. ಆದರೆ ಬೆಳಕು ಕಡಿಮೆ, ಅಂಗಳದಲ್ಲಿ ಯಾರು ಮಾತಾಡಿದರೂ ಮೂರನೇ ಮಹಡಿಗೆ ಕೇಳುತ್ತದೆ. ಮೆಟ್ಟಿಲುಗಳು ಕಡಿದು, ಎತ್ತರ, ಒಂದರಂತೆ ಇನ್ನೊಂದಿಲ್ಲ. ಬುಕ್ ಮಾಡುವ ಮೊದಲು ಈ ಪ್ರಶ್ನೆಗಳನ್ನು ಬರವಣಿಗೆಯಲ್ಲೇ ಕೇಳಿ: ನೆಲಮಹಡಿಯಲ್ಲಿ ಬಚ್ಚಲು ಸಹಿತ ಕೋಣೆ ಇದೆಯೇ, ಟ್ಯಾಕ್ಸಿ ನಿಲ್ಲುವ ಜಾಗದ ಹೆಸರೇನು, ಅಲ್ಲಿಂದ ಬಾಗಿಲವರೆಗೆ ಎಷ್ಟು ಮೆಟ್ಟಿಲು, ಕೋಣೆ ಬೆಚ್ಚಗಾಗಿಸುವ ವ್ಯವಸ್ಥೆ ಉಂಟೇ. ಅಕ್ಟೋಬರ್ ಕೊನೆಯಲ್ಲಿ ಹಗಲು ಹಿತ, ರಾತ್ರಿಗೆ ಸ್ವೆಟರ್ ಬೇಕು. ಡಿಸೆಂಬರ್, ಜನವರಿಯಲ್ಲಿ ಹೋಗುವವರಾಗಿದ್ದರೆ ಆ ಕೊನೆಯ ಪ್ರಶ್ನೆಯನ್ನೇ ಮೊದಲು ಕೇಳಬೇಕಿತ್ತು. ಟೈಲ್ಸ್ ಮತ್ತು ಕಲ್ಲಿನ ಆ ಮನೆಗಳು ಚಳಿಗಾಲದಲ್ಲಿ ಕೊರೆಯುತ್ತವೆ.

ಮೊದಲ ದಿನ ರಿಯಾದಿನವರಿಗೆ ಹೇಳಿ, ಟ್ಯಾಕ್ಸಿ ನಿಲ್ಲುವ ಜಾಗಕ್ಕೇ ಒಬ್ಬರನ್ನು ಕಳಿಸಲಿ. ಸೂಟ್‌ಕೇಸುಗಳನ್ನು ಕೈಗಾಡಿಯವರು ತರುತ್ತಾರೆ. ಗಾಡಿಗೆ ಕೈ ಹಚ್ಚುವ ಮೊದಲೇ ಕೂಲಿ ಗೊತ್ತು ಮಾಡಿಕೊಳ್ಳಿ. ಸಾಮಾನು ಮತ್ತು ದೂರ ನೋಡಿ 20ರಿಂದ 50 ದಿರ್ಹಂ ಕೊಡುವುದು ವಾಡಿಕೆ. ಇಷ್ಟು ಮಾಡಿದರೆ ಫೆಸ್‌ನ ಅತಿ ಕೆಟ್ಟ ಇಪ್ಪತ್ತು ನಿಮಿಷ ತಪ್ಪುತ್ತದೆ. ಸಾಮಾನು ಹೊತ್ತು ದಾರಿ ಹುಡುಕುತ್ತಿರುವ ಹೊಸಬರನ್ನೇ ಬೆನ್ನು ಬೀಳುವವರು ಕಾಯುತ್ತಿರುತ್ತಾರೆ.

ಅವರ ಮಾತುಗಳು ಬೆರಳೆಣಿಕೆಯಷ್ಟೇ. ‘ಆ ದಾರಿ ಮುಚ್ಚಿದೆ’, ‘ಇವತ್ತು ಮಸೀದಿ ದಿನ, ಆ ಕಡೆ ಬಿಡುವುದಿಲ್ಲ’, ‘ಚರ್ಮದ ಹೊಂಡ ಈ ಕಡೆ, ನಾನೂ ಅಲ್ಲೇ ಹೋಗುತ್ತಿದ್ದೇನೆ’, ‘ನಿಮ್ಮ ಹೋಟೆಲಿನಲ್ಲಿ ಕೆಲಸ ಮಾಡುತ್ತೇನೆ, ಗುರುತು ಸಿಗಲಿಲ್ಲವೇ?’ ದಾರಿ ಮುಚ್ಚಿರುವುದು ಬಹಳ ಅಪರೂಪ, ನೋಡಿಯೇ ನಂಬಿ. ಉತ್ತರ ಒಂದೇ, ‘ಲಾ, ಶುಕ್ರನ್’ (ಬೇಡ, ಧನ್ಯವಾದ), ಅದೂ ನಡಿಗೆ ನಿಲ್ಲಿಸದೆ. ವಿವರಣೆ ಕೊಡಲು ನಿಂತರೆ ಮಾತು ಬೆಳೆಯುತ್ತದೆ. ಕೋಪ ಮಾಡಿಕೊಳ್ಳಬೇಡಿ. ಹೆಚ್ಚಿನವರು ಹತ್ತಿಪ್ಪತ್ತು ದಿರ್ಹಂ ಆಸೆಯ ಹುಡುಗರು, ಅಪಾಯದವರಲ್ಲ. ನಿಜವಾಗಿಯೂ ದಾರಿ ಬೇಕಾದರೆ ಬೀದಿಯಲ್ಲಿ ತಾವಾಗಿ ಬಂದವರನ್ನು ಬಿಟ್ಟು, ಅಂಗಡಿಯೊಳಗೆ ಕೂತಿರುವ ವ್ಯಾಪಾರಿಯನ್ನು ಕೇಳಿ. ಅವನು ಗಲ್ಲಾ ಬಿಟ್ಟು ನಿಮ್ಮ ಹಿಂದೆ ಬರುವುದಿಲ್ಲ.

ದಾರಿ ತಪ್ಪಿದಾಗ ಫೋನಿನ ನಕ್ಷೆಯನ್ನು ಪೂರ್ತಿ ನಂಬಬೇಡಿ. ಎರಡು ಆಳು ಅಗಲದ ಗಲ್ಲಿಗೆ ಎರಡೂ ಕಡೆ ಎತ್ತರದ ಗೋಡೆಗಳಿದ್ದರೆ ಉಪಗ್ರಹದ ಸಂಕೇತ ಸರಿಯಾಗಿ ಸಿಗದೆ, ನೀವು ಪಕ್ಕದ ಗಲ್ಲಿಯಲ್ಲಿದ್ದೀರಿ ಎಂದು ತೋರಿಸುತ್ತದೆ. ಅಲ್ಲಿ ನೆಲವೇ ದಾರಿ ಹೇಳುತ್ತದೆ. ಇಳಿಯುತ್ತಾ ಹೋದರೆ ನದಿ ಮತ್ತು ರಸೀಫ್, ಪಶ್ಚಿಮಕ್ಕೆ ಏರುತ್ತಾ ಹೋದರೆ ಬೂ ಜಲೂದ್. ಅಂಗಡಿಗಳು ಹೆಚ್ಚುತ್ತಿದ್ದರೆ ಮುಖ್ಯ ಬೀದಿಯತ್ತ ಹೋಗುತ್ತಿದ್ದೀರಿ. ಅಂಗಡಿ ನಿಂತು ಬರೀ ಮನೆಬಾಗಿಲುಗಳೇ ಕಂಡರೆ ಮುಂದೆ ಗೋಡೆ ಬರುವ ಸಾಧ್ಯತೆ ಹೆಚ್ಚು. ‘ದರ್ಬ್’ ಎಂದು ಫಲಕವಿರುವ ಓಣಿಗಳಲ್ಲಿ ಬಹುಪಾಲು ಮುಂದೆ ದಾರಿಯಿಲ್ಲದವು. ಇನ್ನು ಹೇಸರಗತ್ತೆಗಳು. ಕಾರು, ಲಾರಿ ಬರಲಾಗದ ಈ ಊರಿಗೆ ಗ್ಯಾಸ್ ಸಿಲಿಂಡರಿನಿಂದ ಹಿಡಿದು ಸಿಮೆಂಟಿನವರೆಗೆ ಎಲ್ಲವೂ ಅವುಗಳ ಬೆನ್ನ ಮೇಲೇ ಬರುತ್ತದೆ. ‘ಬಾಲಕ್!’ (ದಾರಿ ಬಿಡಿ) ಎಂಬ ಕೂಗು ಕೇಳಿದ ತಕ್ಷಣ ಹಿಂದೆ ತಿರುಗಿ ನೋಡುತ್ತಾ ನಿಲ್ಲದೆ, ಗೋಡೆಗೆ ಬೆನ್ನು ಹಚ್ಚಿ. ಪ್ರಾಣಿ ನಿಮ್ಮನ್ನು ತಪ್ಪಿಸಿಕೊಂಡು ಹೋಗುತ್ತದೆ. ಇಕ್ಕೆಲದಲ್ಲಿ ತೂಗುವ ಹೊರೆ ತಪ್ಪಿಸಿಕೊಳ್ಳುವುದಿಲ್ಲ.

ಗೈಡ್ ಬಗ್ಗೆ: ಒಂದು ದಿನ, ಅರ್ಧ ಹೊತ್ತು, ತೆಗೆದುಕೊಳ್ಳಿ. ಒಂದಕ್ಕಿಂತ ಹೆಚ್ಚು ದಿನ ಬೇಡ. ಅಧಿಕೃತ ಗೈಡ್‌ಗಳ ಬಳಿ ಪ್ರವಾಸೋದ್ಯಮ ಸಚಿವಾಲಯ ಕೊಟ್ಟ ಚಿತ್ರವಿರುವ ಬಿಲ್ಲೆ ಇರುತ್ತದೆ, ಕೊರಳಲ್ಲಿ ಹಾಕಿಕೊಂಡಿರುತ್ತಾರೆ. ಅರ್ಧ ದಿನಕ್ಕೆ 300–400 ದಿರ್ಹಂ ಸುತ್ತಮುತ್ತ ಕೇಳುತ್ತಾರೆ, ತಲೆಗಲ್ಲ, ಇಡೀ ಗುಂಪಿಗೆ. ಮೊದಲೇ ಹೇಳಬೇಕಾದ ಮಾತು: ‘ಅಂಗಡಿಗೆ ಕರೆದೊಯ್ಯುವುದು ಬೇಡ, ಹೋದರೆ ನಾವು ಹೇಳಿದ ಒಂದೇ ಒಂದು.’ ಗೈಡ್ ಜೊತೆ ಅಂಗಡಿ ಹೊಕ್ಕರೆ ಅವನ ಕಮಿಷನ್ ನಿಮ್ಮ ಬೆಲೆಯಲ್ಲೇ ಸೇರಿರುತ್ತದೆ. ಕಂಬಳಿ ಅಂಗಡಿಯಲ್ಲಿ ಪುದೀನಾ ಚಹಾ ಕುಡಿದು ಒಂದೂವರೆ ಗಂಟೆ ಕಳೆದ ಮೇಲೆ ಬರಿಗೈಯಲ್ಲಿ ಏಳಲು ನಮ್ಮವರಿಗೆ ಸಂಕೋಚ. ಆ ಸಂಕೋಚದ ಮೇಲೆಯೇ ಆ ವ್ಯಾಪಾರ ನಿಂತಿದೆ.

ಈಗ ನಡೆಯುವ ದಾರಿ. ಬಂದ ದಿನ ಸಂಜೆ ಒಳಗೆ ಹೋಗಬೇಡಿ. ಟ್ಯಾಕ್ಸಿಯಲ್ಲಿ ಉತ್ತರದ ಗುಡ್ಡಕ್ಕೆ, ಹಿಂದೆ ಇಲ್ಲಿ ಆಳಿದ ಮರೀನಿದ್ ರಾಜವಂಶದ ಗೋರಿಗಳ ಹತ್ತಿರ ಅಥವಾ ಬುರ್ಜ್ ನೋರ್ ಕೋಟೆಯ ಬಳಿಗೆ, ಐದೂವರೆಗೆ ಹೋಗಿ. ಅಕ್ಟೋಬರ್ ಕೊನೆಯಲ್ಲಿ ಸೂರ್ಯ ಆರೂವರೆಯ ಹೊತ್ತಿಗೆ ಮುಳುಗುತ್ತಾನೆ. ಅಲ್ಲಿಂದ ನಾಳೆ ನಡೆಯಲಿರುವ ದಾರಿಯನ್ನು ಕಣ್ಣಲ್ಲೇ ಗುರುತು ಹಾಕಿಕೊಳ್ಳಿ: ಹಸಿರು ಹೆಂಚಿನ ವಿಶಾಲ ಮಾಡು ಕರವೀಯ್ಯೀನ್ ಮಸೀದಿ, ಅದರ ಆಚೆ ತಗ್ಗಿನಲ್ಲಿ ನದಿ. ಟ್ಯಾಕ್ಸಿಯನ್ನು ಕಾಯಿಸಿಕೊಳ್ಳಿ. ಕತ್ತಲಾದ ಮೇಲೆ ಗುಡ್ಡದಿಂದ ನಡೆದು ಇಳಿಯುವುದು ಬೇಡ.

ಮರುದಿನ ಒಂಬತ್ತಕ್ಕೆ ನೀಲಿ ಬಾಗಿಲು. 1913ರಲ್ಲಿ ಕಟ್ಟಿದ್ದು, ಊರಿನ ವಯಸ್ಸಿಗೆ ಹೋಲಿಸಿದರೆ ಮೊನ್ನೆಯದು. ಹೊರಮೈ ನೀಲಿ, ಒಳಮೈ ಹಸಿರು. ಒಳಹೊಕ್ಕು ತಾಲಾ ಕಬೀರಾ ಹಿಡಿದರೆ ಸ್ವಲ್ಪದರಲ್ಲೇ ಬೂ ಇನಾನಿಯಾ ಮದರಸಾ. ಸುಲ್ತಾನ ಅಬೂ ಇನಾನ್ 1350ರ ದಶಕದಲ್ಲಿ ಕಟ್ಟಿಸಿದ್ದು. ಮೊರಾಕ್ಕೊದಲ್ಲಿ ಮುಸ್ಲಿಮೇತರರಿಗೆ ಮಸೀದಿಗಳ ಒಳಗೆ ಪ್ರವೇಶವಿಲ್ಲ, ಕಾಸಾಬ್ಲಾಂಕಾದ ಹಸನ್ II ಮಸೀದಿ ಎದ್ದು ಕಾಣುವ ಅಪವಾದ. ಹಾಗಾಗಿ ಫೆಸ್‌ನ ಒಳಗೆಲಸ ನೋಡಲು ಉಳಿದಿರುವುದು ಮದರಸಾಗಳೇ. ಟಿಕೆಟ್ 20 ದಿರ್ಹಂ ಆಸುಪಾಸು. ಅಂಗಳದ ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ನೋಡಿ. ಎದೆಮಟ್ಟದವರೆಗೆ ಒಂದೊಂದೇ ಚೂರು ಕತ್ತರಿಸಿ ಜೋಡಿಸಿದ ಬಣ್ಣದ ಟೈಲ್ಸ್, ಅಂದರೆ ಜೆಲ್ಲೀಜ್. ಅದರ ಮೇಲೆ ಕೆತ್ತಿದ ಗಾರೆ. ಅದಕ್ಕೂ ಮೇಲೆ ಸೀಡರ್ ಮರ. ಈ ಕ್ರಮಕ್ಕೆ ಕಾರಣವೂ ಇದೆ. ಕೈ, ಬೆನ್ನು, ನೀರು ತಾಗುವ ಎತ್ತರದಲ್ಲಿ ತೊಳೆಯಬಹುದಾದ ಟೈಲ್ಸ್, ಯಾರ ಕೈಗೂ ಸಿಗದಲ್ಲಿ ಮೆತ್ತನೆಯ ಗಾರೆ, ಮಾಡಿಗೆ ಹತ್ತಿರ ಮರ. ಇದು ಇಂದಿಗೂ ನಮಾಜಿನ ಜಾಗ. ನಮಾಜಿನ ವೇಳೆ ಪ್ರವಾಸಿಗರನ್ನು ಹೊರಗೆ ನಿಲ್ಲಿಸುತ್ತಾರೆ, ಬೆಳಗ್ಗೆ ಬೇಗ ಹೋಗುವುದು ಅದಕ್ಕೇ. ಎದುರಿನ ಗೋಡೆಯಲ್ಲಿ ಸಾಲು ಕಿಟಕಿಗಳು, ಹೊರಚಾಚಿದ ಮರದ ತೊಲೆಗಳು ಕಾಣುತ್ತವೆ. ಅದು 1357ರ ನೀರ್ಗಡಿಯಾರದ ಮುಂಭಾಗ. ಯಂತ್ರ ಉಳಿದಿಲ್ಲ.

ಕನ್ನಡಿಗರು ಅಂಗಳದಲ್ಲಿ ಎರಡು ನಿಮಿಷ ಹೆಚ್ಚು ನಿಲ್ಲಲು ಒಂದು ಕಾರಣವಿದೆ. 1340ರ ದಶಕದಲ್ಲಿ ನಮ್ಮ ಕರಾವಳಿಗೆ ಬಂದು ಹೊನ್ನಾವರ, ಬಾರಕೂರು, ಮಂಗಳೂರು ನೋಡಿದ ಯಾತ್ರಿಕ ಇಬ್ನ್ ಬತೂತಾ ಕೊನೆಗೆ ಫೆಸ್‌ಗೆ ಮರಳಿದ. ಇದೇ ಅಬೂ ಇನಾನ್‌ನ ಆಜ್ಞೆಯಂತೆ ತನ್ನ ತಿರುಗಾಟವನ್ನೆಲ್ಲ ಇಬ್ನ್ ಜುಜಯ್ ಎಂಬ ವಿದ್ವಾಂಸನಿಗೆ ಹೇಳಿ ಬರೆಸಿದ್ದು 1355ರಲ್ಲಿ ಮುಗಿಯಿತು. ಹೊನ್ನಾವರದಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದವು ಎಂಬ ಮಾತು ನಮಗೆ ಸಿಕ್ಕಿರುವುದು ಆ ಬರಹದಿಂದಲೇ.

ಅಲ್ಲಿಂದ ಇಳಿಯುತ್ತಾ ಮೊದಲು ಮಾಂಸದಂಗಡಿಗಳು ಬರುತ್ತವೆ. ಕೆಲವು ಕಡೆ ಒಂಟೆಯ ತಲೆಯನ್ನೇ ಬಾಗಿಲಿಗೆ ತೂಗುಹಾಕಿರುತ್ತಾರೆ. ಅಪ್ಪ, ಅಮ್ಮನಿಗೆ ಮೊದಲೇ ಹೇಳಿಡಿ. ಬೇಡವೆನಿಸಿದರೆ ಆ ತುಂಡು ದಾರಿಗೆ ತಾಲಾ ಸ್ಗೀರಾ ಹಿಡಿಯಬಹುದು. ಕೆಳಗೆ ನಜ್ಜಾರೀನ್ ಚೌಕದಲ್ಲಿ ಹಳೇ ವ್ಯಾಪಾರಿ ಛತ್ರವೊಂದನ್ನು ಮರಗೆಲಸದ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಎದುರಿನ ಕಾರಂಜಿಯ ಬಳಿ ಕೂತು ಕಾಲು ಚಾಚಲು ಒಳ್ಳೆಯ ತಾಣ. ಪಕ್ಕದಲ್ಲೇ ಫೆಸ್ ಆಳಿದ ದೊರೆ ಮೌಲಾಯ್ ಇದ್ರೀಸ್ II ಅವರ ದರ್ಗಾ. ಬಾಗಿಲಿನಿಂದ ಒಳನೋಟ ನೋಡಬಹುದು, ಹೊಸ್ತಿಲು ದಾಟುವಂತಿಲ್ಲ. ನಂತರ ಅತ್ತಾರೀನ್ ಮದರಸಾ, 1323–25ರದ್ದು. ಬೂ ಇನಾನಿಯಾಗಿಂತ ಚಿಕ್ಕದು, ಕೆತ್ತನೆ ಇನ್ನೂ ನಯ. ಸಮಯ ಕಡಿಮೆಯಿದ್ದು ಒಂದನ್ನೇ ಆರಿಸಬೇಕಾದರೆ ನನ್ನ ಮತ ಇದಕ್ಕೆ. ಕರವೀಯ್ಯೀನ್ ಅದರ ಮಗ್ಗುಲಲ್ಲೇ ಇದೆ. ಸಂಪ್ರದಾಯದ ಪ್ರಕಾರ ಫಾತಿಮಾ ಅಲ್-ಫಿಹ್ರಿ ಎಂಬ ಹೆಣ್ಣುಮಗಳು 859ರಲ್ಲಿ ಸ್ಥಾಪಿಸಿದ್ದು, ಈಗಿನ ಟ್ಯುನೀಷಿಯಾದ ಕೈರುವಾನ್‌ನಿಂದ ವಲಸೆ ಬಂದ ಮನೆತನದವಳು. ತೆರೆದ ಬಾಗಿಲುಗಳಿಂದ ಅಂಗಳ ಕಾಣುತ್ತದೆ. ನಮಾಜಿಗೆ ಹೋಗಿಬರುವವರ ದಾರಿಗೆ ಅಡ್ಡ ನಿಂತು ಫೋಟೋ ತೆಗೆಯಬೇಡಿ, ಅಷ್ಟೇ.

ಮಸೀದಿಯ ಹಿಂಬದಿಗೆ ಸುತ್ತಿದರೆ ಸಫ್ಫಾರೀನ್ ಚೌಕ, ತಾಮ್ರದ ಕೆಲಸಗಾರರದ್ದು. ದೊಡ್ಡ ಮರದ ನೆರಳಲ್ಲಿ ಕೂತು ಹಂಡೆ, ಕೊಳಗ ಬಡಿಯುತ್ತಿರುತ್ತಾರೆ. ಸದ್ದು ಜೋರು, ಆದರೆ ಕುರ್ಚಿ ಹಾಕಿದ ಚಹಾದಂಗಡಿ ಇದೆ. ಅಮ್ಮ ಇಲ್ಲಿ ಕೂತಿರಲಿ. ಚರ್ಮ ಹದ ಮಾಡುವ ಹೊಂಡ ನೋಡಬೇಕೆನ್ನುವವರು ಮಾತ್ರ ಅವು ಇರುವ ಶೂವಾರಾಗೆ ಹೋಗಿಬನ್ನಿ. ಹತ್ತು ನಿಮಿಷದೊಳಗಿನ ನಡಿಗೆ.

ಶೂವಾರಾ ನೋಡಲೇಬೇಕೇ ಎಂದು ಕೇಳಿದ್ದೀರಿ. ಕೆಲಸ ಹೇಗೆ ನಡೆಯುತ್ತದೆಂದು ತಿಳಿದು ನೋಡಿದರೆ ನೋಡುವಂಥದ್ದೇ. ಸುಮ್ಮನೆ ಬಣ್ಣದ ಫೋಟೋಕ್ಕಾಗಿ ಹೋದರೆ ಐದು ನಿಮಿಷಕ್ಕೆ ಮೂಗು ಸೋಲುತ್ತದೆ. ಬಿಳಿ ಹೊಂಡಗಳಲ್ಲಿ ಸುಣ್ಣದ ನೀರು, ಮತ್ತು ಪಾರಿವಾಳದ ಹಿಕ್ಕೆ ಕದಡಿದ ನೀರು. ಹಸಿ ತೊಗಲನ್ನು ಮೊದಲು ಕೆಲವು ದಿನ ಸುಣ್ಣದಲ್ಲಿ ನೆನೆಹಾಕಿದರೆ ಕೂದಲಿನ ಬುಡ ಸಡಿಲವಾಗುತ್ತದೆ, ಆಮೇಲೆ ಹೆರೆಯುತ್ತಾರೆ. ಸುಣ್ಣದಿಂದ ತೊಗಲು ಉಬ್ಬಿ ಸೆಟೆದಿರುತ್ತದೆ. ಹಿಕ್ಕೆಯ ನೀರು ಆ ಸುಣ್ಣವನ್ನು ಬಿಡಿಸಿ, ತೊಗಲನ್ನು ಮೆತ್ತಗೆ ಮಾಡಿ, ಮುಂದೆ ಬಣ್ಣ ಹೀರುವಂತೆ ಸಜ್ಜು ಮಾಡುತ್ತದೆ. ನಂತರ ಕಂದು ಹೊಂಡಗಳಲ್ಲಿ ತೊಗಟೆ, ಸಿಪ್ಪೆಗಳ ಒಗರಿನಲ್ಲಿ ಹದ, ಬಣ್ಣ. ಕೆಲಸಗಾರರು ಸೊಂಟದವರೆಗೆ ಇಳಿದು ಕಾಲಿನಿಂದ ತುಳಿಯುತ್ತಾರೆ. ಹಳದಿಯನ್ನು ಮಾತ್ರ ಹೆಚ್ಚಾಗಿ ಕೈಯಿಂದಲೇ ಸವರುತ್ತಾರೆ. ‘ಅದು ಅಪ್ಪಟ ಕೇಸರಿ’ ಎಂದು ಹೇಳಿದರೆ ನಕ್ಕು ಸುಮ್ಮನಿರಿ. ಗ್ರಾಂ ಲೆಕ್ಕದಲ್ಲಿ ಮಾರುವ ಕೇಸರಿಯನ್ನು ಚಪ್ಪಲಿಯ ಚರ್ಮಕ್ಕೆ ಯಾರೂ ಬಳಿಯುವುದಿಲ್ಲ.

ಹೊಂಡಗಳು ಕಾಣುವುದು ಸುತ್ತಲಿನ ಚರ್ಮದಂಗಡಿಗಳ ತಾರಸಿಯಿಂದ. ಬಾಗಿಲಲ್ಲಿ ಪುದೀನಾ ಸೊಪ್ಪು ಕೊಡುತ್ತಾರೆ, ಮೂಗಿಗೆ ಹಿಡಿಯಲು. ಮೇಲೆ ಹತ್ತಲು ಕಡಿದಾದ ಮೆಟ್ಟಿಲು. ತಾರಸಿ ತೋರಿಸಿದವರಿಗೆ 10–20 ದಿರ್ಹಂ ಕೊಟ್ಟರೆ ಲೆಕ್ಕ ಚುಕ್ತಾ, ಖರೀದಿ ಮಾಡಲೇಬೇಕೆಂಬ ಹಂಗಿಲ್ಲ. ಬೆಳಗಿನ ಹನ್ನೊಂದರ ಸುಮಾರಿಗೆ ಕೆಲಸವೂ ಬೆಳಕೂ ಚೆನ್ನಾಗಿರುತ್ತದೆ. ಶುಕ್ರವಾರ ಹೋಗಬೇಡಿ, ಅಂದು ಮದೀನಾದ ಹೆಚ್ಚಿನ ಅಂಗಡಿಗಳೂ ಮುಚ್ಚಿರುತ್ತವೆ ಅಥವಾ ಮಧ್ಯಾಹ್ನಕ್ಕೆ ಬಾಗಿಲು ಹಾಕುತ್ತವೆ. ಚರ್ಮದ ಚಪ್ಪಲಿ ಕೊಳ್ಳುವುದಾದರೆ ಅಟ್ಟೆಯನ್ನು ಅಂಚಿನಲ್ಲಿ ಬಗ್ಗಿಸಿ ನೋಡಿ. ಹೊಲಿಗೆ ಇದ್ದರೆ ಬಾಳಿಕೆ, ಬರೀ ಅಂಟು ಕಂಡರೆ ಮೊದಲ ಮಳೆಗೆ ಬಾಯಿ ಬಿಡುತ್ತದೆ. ಚರ್ಮ ಹೊಂಡದ ವಾಸನೆಯನ್ನೇ ಹೊಡೆಯುತ್ತಿದ್ದರೆ ಬಿಟ್ಟುಬಿಡಿ, ಮನೆಗೆ ತಂದರೂ ಹೋಗುವುದಿಲ್ಲ. ‘ಕಳ್ಳಿ ರೇಷ್ಮೆ’ ಎಂದು ಮಾರುವ ಹೊಳೆಯುವ ಬಟ್ಟೆ ಬಹುಪಾಲು ವಿಸ್ಕೋಸ್ ಎಂಬ ಕೃತಕ ನೂಲಿನದು. ಆ ಬೆಲೆಗೆ ಒಪ್ಪಿಗೆಯಾದರೆ ಕೊಳ್ಳಿ. ನೀಲಿ ಚಿತ್ತಾರದ ಫೆಸ್ ಪಿಂಗಾಣಿ ಚೆಂದ, ಆದರೆ ಗೋಡೆಗೆ ಹಾಕಲು. ಕೆಲವು ಸಾಂಪ್ರದಾಯಿಕ ಮೆರುಗಿನಲ್ಲಿ ಸೀಸ ಇರುತ್ತದೆ, ಹುಳಿ ಪದಾರ್ಥ ಹಾಕಿದರೆ ಅದು ಬಿಡುತ್ತದೆ. ಸಾರು, ಉಪ್ಪಿನಕಾಯಿಗೆ ಬಳಸಬೇಡಿ.

ಸಫ್ಫಾರೀನ್‌ನಿಂದ ಸೇತುವೆಯ ಕಡೆ ಇಳಿದರೆ ಐದು ನಿಮಿಷದಲ್ಲಿ ರಸೀಫ್, ಅಲ್ಲಿಂದ ಟ್ಯಾಕ್ಸಿ. ಗಾಲಿಕುರ್ಚಿಯನ್ನು ನಂಬಿಕೊಂಡು ಮಾತ್ರ ಹೋಗಬೇಡಿ, ಮೆಟ್ಟಿಲು ಮತ್ತು ಕಲ್ಲುಗಳ ನಡುವೆ ಅದು ಸಾಗುವುದಿಲ್ಲ. ಸಾರ್ವಜನಿಕ ಶೌಚಾಲಯ ಕಡಿಮೆ. ಬಾಯಾರಿಕೆ ಇಲ್ಲದಿದ್ದರೂ ಚಹಾದಂಗಡಿಯಲ್ಲಿ ಒಂದು ಚಹಾ ಹೇಳಿ ಅಲ್ಲಿನದನ್ನು ಬಳಸುವುದೇ ಸುಲಭ. ಟಿಶ್ಯೂ, ಒಂದು ಎರಡು ದಿರ್ಹಂ ನಾಣ್ಯ ಜೇಬಲ್ಲಿರಲಿ.

ಊಟದ ವಿಷಯದಲ್ಲಿ ಹೆದರಿಕೆ ಬೇಡ, ಎಚ್ಚರ ಬೇಕು. ತೊಂದರೆ ಇರುವುದು ತರಕಾರಿ ಸಿಗದಿರುವುದರಲ್ಲಲ್ಲ, ತರಕಾರಿಯನ್ನು ಮಾಂಸದ ರಸದಲ್ಲಿ ಬೇಯಿಸುವುದರಲ್ಲಿ. ಶುಕ್ರವಾರದ ಏಳು ತರಕಾರಿಯ ಕುಸ್‌ಕುಸ್, ಗೋಧಿರವೆಯ ಅಡುಗೆ, ಹೆಸರಿಗೆ ತರಕಾರಿ. ಮನೆಗಳಲ್ಲಿ ಮಾಂಸದೊಂದಿಗೇ ಬೇಯುತ್ತದೆ, ಬಡಿಸುವಾಗ ತುಂಡನ್ನು ತೆಗೆದು ‘ಇದು ತರಕಾರಿ’ ಎನ್ನುತ್ತಾರೆ. ಅವರ ಲೆಕ್ಕದಲ್ಲಿ ಅದು ಸುಳ್ಳಲ್ಲ. ಹರೀರಾ ಸೂಪ್ ಕೂಡ ಹಾಗೇ. ‘ಬ್ಲಾ ಲ್ಹಮ್’ ಎಂದರೆ ಮಾಂಸವಿಲ್ಲದೆ, ‘ಬ್ಲಾ ದ್ಜಾಜ್’ ಎಂದರೆ ಕೋಳಿಯಿಲ್ಲದೆ, ‘ಬ್ಲಾ ಬೈದ್’ ಎಂದರೆ ಮೊಟ್ಟೆಯಿಲ್ಲದೆ. ಮೂರನ್ನೂ ಹೇಳಿ, ಒಂದು ಹೇಳಿದರೆ ಇನ್ನೊಂದು ಬರುತ್ತದೆ. ರಿಯಾದಿನಲ್ಲಿ ರಾತ್ರಿಯೂಟಕ್ಕೆ ಬೆಳಗ್ಗೆಯೇ ಹೇಳಿಟ್ಟರೆ ಬೇರೆ ಪಾತ್ರೆಯಲ್ಲಿ ತಜೀನ್ ಮಾಡಿಕೊಡುತ್ತಾರೆ. ತಜೀನ್ ಎಂದರೆ ಶಂಕುವಿನಾಕಾರದ ಮುಚ್ಚಳದ ಮಣ್ಣಿನ ಪಾತ್ರೆ, ಅದರಲ್ಲಿ ಬೇಯಿಸಿದ ಅಡುಗೆಗೂ ಅದೇ ಹೆಸರು.

ನೆಮ್ಮದಿಯಾಗಿ ತಿನ್ನಬಹುದಾದವು ಹಲವು. ಬದನೆ, ಟೊಮೇಟೊ ಮಸೆದ ಜಾಲೂಕ್, ಸುಟ್ಟ ದೊಣ್ಣೆಮೆಣಸಿನ ತಕ್ತೂಕಾ, ಲೂಬಿಯಾ ಎಂಬ ಬಿಳಿ ಬೀನ್ಸ್ ಕಾಳಿನ ಗೊಜ್ಜು, ಮಸೂರದ ಅದಸ್. ಕೊನೆಯ ಎರಡರಲ್ಲಿ ಮಾಂಸದ ಚೂರು ಸೇರುವುದುಂಟು, ಕೇಳಿಕೊಳ್ಳಿ. ಬೆಳಗ್ಗೆ ಬೀದಿಯಂಗಡಿಗಳಲ್ಲಿ ಬಿಸಾರಾ ಸಿಗುತ್ತದೆ. ಒಣ ಬಾಕ್ಲಾ (ಫಾವಾ ಬೀನ್ಸ್) ಬೇಳೆಯನ್ನು ಬೆಳ್ಳುಳ್ಳಿಯೊಂದಿಗೆ ನುಣ್ಣಗೆ ಬೇಯಿಸಿ, ಬೋಗುಣಿಗೆ ಸುರಿದು, ಮೇಲೆ ಆಲಿವ್ ಎಣ್ಣೆ ಹರಿಸಿ ಜೀರಿಗೆ ಪುಡಿ ಉದುರಿಸುತ್ತಾರೆ. ಜೊತೆಗೆ ಗುಂಡನೆಯ ಖುಬ್ಜ್ ರೊಟ್ಟಿ. ನಾಲ್ವರಲ್ಲಿ ಯಾರಿಗಾದರೂ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇದೆಯೆಂದು ವೈದ್ಯರು ಹೇಳಿದ್ದರೆ ಬಿಸಾರಾ ಮುಟ್ಟಲೇಬಾರದು. ಬಾಕ್ಲಾದಿಂದ ಅಂಥವರ ರಕ್ತಕಣಗಳು ಒಡೆಯುತ್ತವೆ. ಪದರು ಪದರಾದ ಮ್ಸಮನ್ ರೊಟ್ಟಿ ನಿಮಗೆ ಹಿಡಿಸುತ್ತದೆ, ಆದರೆ ಒಳಗೆ ಏನನ್ನೂ ತುಂಬದ್ದನ್ನು ಕೇಳಿ ತೆಗೆದುಕೊಳ್ಳಿ. ಫೆಸ್‌ನಲ್ಲಿ ಖ್ಲೀ ಎಂಬ, ಕೊಬ್ಬಿನಲ್ಲಿ ಕಾಪಿಟ್ಟ ಒಣಮಾಂಸದ ಬಳಕೆ ಬಹಳ. ತೂತು ತೂತಾದ ಬಗ್ರೀರ್, ರವೆಯ ಹರ್ಶಾ ಎರಡೂ ಜೇನಿನೊಂದಿಗೆ ಚೆನ್ನ. ಬಗ್ರೀರ್ ಹಿಟ್ಟಿಗೆ ಕೆಲವರು ಮೊಟ್ಟೆ ಹಾಕುತ್ತಾರೆ, ಅಪ್ಪನ ಪಾಲಿಗೆ ವಿಚಾರಿಸಿ. ನೀರು ಬಾಟಲಿಯದೇ ಇರಲಿ. ಅನ್ನ ಇಲ್ಲದೆ ಆಗುವುದೇ ಇಲ್ಲ ಎನ್ನುವವರಿಗೆ ನಾಲ್ಕು ಪೊಟ್ಟಣ ಅವಲಕ್ಕಿ, ಚಟ್ನಿಪುಡಿ ಪೆಟ್ಟಿಗೆಯಲ್ಲಿರಲಿ.

ಮೂರನೇ ದಿನ ಎರಡು ಆಯ್ಕೆ. ಸುಸ್ತಾಗಿದ್ದರೆ ಫೆಸ್‌ನ ಸಮತಟ್ಟಾದ ಭಾಗ: 1276ರಲ್ಲಿ ಮರೀನಿದರು ಕಟ್ಟಿದ ಫೆಸ್ ಅಲ್-ಜದೀದ್‌ನ ಅರಮನೆಯ ಹಿತ್ತಾಳೆ ಬಾಗಿಲುಗಳು (ಹೊಳೆಯುವ ಈಗಿನ ಬಾಗಿಲು 20ನೇ ಶತಮಾನದ್ದು, ಕಾವಲುಗಾರರ ಚಿತ್ರ ತೆಗೆಯಬಾರದು), ಮೆಲ್ಲಾಹ್ ಎಂಬ ಯಹೂದಿ ಕೇರಿಯ ಮರದ ಬಾಲ್ಕನಿಗಳು ಮತ್ತು ಇಬ್ನ್ ದನಾನ್ ಪ್ರಾರ್ಥನಾ ಮಂದಿರ, ಜ್ನಾನ್ ಸ್ಬೀಲ್ ಉದ್ಯಾನ. ಉದ್ಯಾನಕ್ಕೆ ಸೋಮವಾರ ರಜೆ. ಉತ್ಸಾಹವಿದ್ದರೆ ದೊಡ್ಡ ಟ್ಯಾಕ್ಸಿ ಗೊತ್ತು ಮಾಡಿಕೊಂಡು ವೊಲುಬಿಲಿಸ್ ಎಂಬ ರೋಮನ್ ಊರಿನ ಅವಶೇಷ ಮತ್ತು ಮೆಕ್ನೆಸ್ ನಗರ. ರೋಮನ್ ಮನೆಗಳ ನೆಲದ ಚಿತ್ತಾರಗಳು ಇದ್ದಲ್ಲೇ ಇವೆ, ಬಯಲಿನಲ್ಲಿ. ನೆರಳಿಲ್ಲ, ಟೊಪ್ಪಿ, ನೀರು ಬೇಕು. ಶೆಫ್‌ಶಾವೆನ್ ನೀಲಿ ಊರಿಗೆ ಒಂದೇ ದಿನದಲ್ಲಿ ಹೋಗಿಬರುತ್ತೇವೆ ಎನ್ನಬೇಡಿ. ಹೋಗಲು ಸುಮಾರು ನಾಲ್ಕು ಗಂಟೆ, ಬರಲು ನಾಲ್ಕು, ಅಲ್ಲಿಯೂ ಏರು.

ಇನ್ನು ಪ್ರಯಾಣದ ಕಾಗದಪತ್ರ. ಭಾರತದ ಪಾಸ್‌ಪೋರ್ಟಿಗೆ ವೀಸಾ ಬೇಕು. ಇ-ವೀಸಾಕ್ಕೆ ಮೊರಾಕ್ಕೊ ಸರ್ಕಾರದ ಅಕ್ಸೆ ಮರೋಕ್ ತಾಣವನ್ನೇ ಬಳಸಿ. ಹುಡುಕಿದಾಗ ಮೊದಲು ಬರುವ ಹಲವು ತಾಣಗಳು ಮಧ್ಯವರ್ತಿಗಳದ್ದು. ಬೆಂಗಳೂರಿನಿಂದ ನೇರ ವಿಮಾನವಿಲ್ಲ. ಕೊಲ್ಲಿಯ ದೊಡ್ಡ ನಿಲ್ದಾಣಗಳಲ್ಲಿ ಬದಲಿಸಿ ಕಾಸಾಬ್ಲಾಂಕಾ ತಲುಪುವುದು ರೂಢಿ. ಅಲ್ಲಿನ ವಿಮಾನ ನಿಲ್ದಾಣದಿಂದ ಕಾಸಾ ವೊಯಾಜರ್ ನಿಲ್ದಾಣಕ್ಕೆ ರೈಲು, ಅಲ್ಲಿಂದ ಫೆಸ್‌ಗೆ ಇನ್ನೊಂದು, ಸುಮಾರು ನಾಲ್ಕು ಗಂಟೆ. ಹಿರಿಯರನ್ನು ಕರೆದುಕೊಂಡು ಅದೇ ದಿನ ಹೊರಡಬೇಡಿ, ಒಂದು ರಾತ್ರಿ ಕಾಸಾಬ್ಲಾಂಕಾ ಅಥವಾ ರಬಾತ್‌ನಲ್ಲಿ ಮಲಗಿ. ರೈಲಿನಲ್ಲಿ ಮೊದಲ ದರ್ಜೆ ತೆಗೆದುಕೊಳ್ಳಿ, ಸೀಟು ಖಚಿತ. ಯೂರೋಪಿನಲ್ಲಿರುವ ಮಕ್ಕಳನ್ನು ನೋಡಿ ಅಲ್ಲಿಂದ ಫೆಸ್‌ಗೆ ಹಾರುವವರು ಒಂದು ವಿಷಯ ಮರೆಯಬಾರದು: ಶೆಂಗೆನ್ ವೀಸಾ ಒಂದೇ ಪ್ರವೇಶದ್ದಾಗಿದ್ದರೆ, ಮೊರಾಕ್ಕೊಗೆ ಕಾಲಿಟ್ಟ ಮೇಲೆ ಯೂರೋಪಿಗೆ ಮರಳಲು ಆಗುವುದಿಲ್ಲ.

ದಿರ್ಹಂ ನಮ್ಮಲ್ಲಿ ಸುಲಭವಾಗಿ ಸಿಗುವ ನಾಣ್ಯವಲ್ಲ, ದೇಶದ ಹೊರಗೆ 2000ಕ್ಕಿಂತ ಹೆಚ್ಚು ಒಯ್ಯುವಂತೆಯೂ ಇಲ್ಲ. ಯೂರೋ ಅಥವಾ ಡಾಲರ್ ಒಯ್ದು ಅಲ್ಲೇ ಬದಲಿಸಿ, ರಸೀದಿ ಇಟ್ಟುಕೊಳ್ಳಿ. ವಾಪಸ್ ಬದಲಿಸುವಾಗ ಕೇಳುತ್ತಾರೆ. ಯುಪಿಐ ಮರೆತುಬಿಡಿ. ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ವಿದೇಶಿ ಬಳಕೆಯನ್ನು ಊರಲ್ಲಿರುವಾಗಲೇ ಚಾಲೂ ಮಾಡಿ, ಎಟಿಎಂಗೆ ಬೇರೆ, ಅಂಗಡಿಗೆ ಬೇರೆ ಗುಂಡಿ ಇರುತ್ತದೆ. ನಮ್ಮ ತೆಳು ಎರಡು ಕಡ್ಡಿಯ ಫೋನ್ ಚಾರ್ಜರ್ ಅಲ್ಲಿನ ಪ್ಲಗ್ಗಿಗೆ ಕೂರುತ್ತದೆ, ಮೂರು ಕಡ್ಡಿಯದಕ್ಕೆ ಅಡಾಪ್ಟರ್ ಬೇಕು. ಡ್ರೋನ್ ಒಯ್ಯಬೇಡಿ, ಅನುಮತಿಯಿಲ್ಲದೆ ತಂದರೆ ಕಸ್ಟಮ್ಸ್‌ನವರು ತೆಗೆದಿಟ್ಟುಕೊಳ್ಳುತ್ತಾರೆ. ಪೊಲೀಸರಿಗೆ 19, ಆಂಬ್ಯುಲೆನ್ಸಿಗೆ 15. ಆದರೆ ಆಂಬ್ಯುಲೆನ್ಸ್ ಗಲ್ಲಿಯೊಳಗೆ ಬರಲಾರದು. ರಿಯಾದಿನವರ ಫೋನ್ ನಂಬರನ್ನೂ, ನಿಮಗೆ ಹತ್ತಿರದ ಬಾಗಿಲಿನ ಹೆಸರನ್ನೂ ಒಂದು ಚೀಟಿಯಲ್ಲಿ ಅರಬಿಯಲ್ಲೇ ಬರೆಸಿ, ಅಪ್ಪನ ಜೇಬಿಗೊಂದು, ಅಮ್ಮನ ಪರ್ಸಿಗೊಂದು ಹಾಕಿ.